ಬಡತನವೊಂದೇ ಕಾರಣವಾ? ಡೆರ್ರಿಯ ಕಥೆ

ಹುಡುಗರು ಭಯೋತ್ಪಾದನೆಗೆ ಯಾಕೆ ಇಳೀತಾರೆ ಅಂದ್ರೆ ನಮ್ಮ ಆಫೀಸಿನ ಗೆಳೆಯರು ಥಟ್ಟನೆ 'ಬಡತನ, ನಿರುದ್ಯೋಗ' ಅಂತಾರೆ. ನನಗೆ ಉತ್ತರ ಐರ್ಲೆಂಡಿನ ಡೆರ್ರಿ ನೆನಪಾಗುತ್ತೆ.

ಅಲ್ಲಿನ ಕ್ಯಾಥೊಲಿಕರಿಗೆ ದಶಕಗಳಿಂದ ಕೆಲಸ, ಮನೆ ಎರಡಕ್ಕೂ ಕಷ್ಟ. ಆದರೂ 1968ರಲ್ಲಿ ಹಕ್ಕು ಕೇಳೋಕೆ ಯುವಕರು ಬರಿಗೈಲಿ ಮೆರವಣಿಗೆ ಹೊರಟರು. 1971ರಲ್ಲಿ ಸರ್ಕಾರ ವಿಚಾರಣೆಯಿಲ್ಲದೆ ನೂರಾರು ಜನರನ್ನು ಜೈಲಿಗೆ ಹಾಕಿತು. ಅದನ್ನು ವಿರೋಧಿಸಿ 1972ರ ಜನವರಿ 30ರಂದು ಮೆರವಣಿಗೆ ಹೋದವರ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದರು. ಅಂದೇ 13 ಜನ ಸತ್ತರು; ಆರು ಮಂದಿಗೆ ಬರೀ 17 ವರ್ಷ. ಮೊದಲ ತನಿಖೆ ಬಹುಮಟ್ಟಿಗೆ ಸೈನಿಕರ ಪರವಾಗೇ ಬಂತು. ಸಶಸ್ತ್ರ ಗುಂಪು ಐಆರ್‌ಎ ಸೇರೋ ಹುಡುಗರು ಹೆಚ್ಚಾದರು.

ಕಾರಣ ಗೊತ್ತಾಯ್ತು ಅಂತ ಮನ್ನಿಸೋಕಾಗಲ್ಲ. ಅದೇ ಜುಲೈನಲ್ಲಿ ಐಆರ್‌ಎ ಬಾಂಬುಗಳು ಬೆಲ್‌ಫಾಸ್ಟಿನಲ್ಲಿ 9 ಜನರನ್ನು ಕೊಂದವು. ಡೆರ್ರಿಯವರೇ ಆದ ಜಾನ್ ಹ್ಯೂಮ್ ಬಂದೂಕು ಮುಟ್ಟದೆ 1998ರ ಒಪ್ಪಂದಕ್ಕೆ ದಾರಿ ಮಾಡಿದರು. ಹಸಿವಿಗಿಂತ, 'ನಮಗೆ ನ್ಯಾಯ ಸಿಗಲ್ಲ' ಅನ್ನೋ ನಿರಾಶೆ ಹೆಚ್ಚು ಅಪಾಯ ಅಂತ ನನಗನ್ನಿಸುತ್ತೆ.