ಕೇಳುಗರು ಕಟ್ಟಿದ ಸಂಗೀತ

ಸಂಗೀತದ ಬಗೆಗಳಿಗೆ ಹೆಸರು ಬರುವುದು ಸಾಮಾನ್ಯವಾಗಿ ಹಾಡಿದವರಿಂದ, ಇಲ್ಲವೆ ಹಾಡು ಹುಟ್ಟಿದ ಸೀಮೆಯಿಂದ. ಕೇಳಿದವರ ಸೀಮೆಯಿಂದಲೇ ಹೆಸರು ಪಡೆದ ಬಗೆಯೊಂದುಂಟು ಎಂದರೆ ವಾಚಕರಿಗೆ ವಿಚಿತ್ರವೆನಿಸೀತು. ಅದೇ ‘ನಾರ್ದರ್ನ್ ಸೋಲ್’. ಹಾಡುಗಳು ಬಹುಮಟ್ಟಿಗೆ ಅಮೆರಿಕದ ಕಪ್ಪು ಜನಾಂಗದ ಗಾಯಕರವು. ‘ಉತ್ತರ’ ಮಾತ್ರ ಇಂಗ್ಲೆಂಡಿನದು.

ಡೇವ್ ಗಾಡಿನ್ ಎಂಬವರು ಲಂಡನ್ನಿನಲ್ಲಿ ರೆಕಾರ್ಡಿನ ಅಂಗಡಿ ಇಟ್ಟಿದ್ದರು. ಫುಟ್‌ಬಾಲ್ ಪಂದ್ಯಕ್ಕೆಂದು ಬರುತ್ತಿದ್ದ ಉತ್ತರದ ತರುಣರಿಗೆ ಹೊಸ ಹಾಡು ಬೇಡ. 1960ರ ದಶಕದ ಚುರುಕು ಲಯದ ಹಾಡುಗಳೇ ಬೇಕು. ಈ ಅಭಿರುಚಿಗೆ ಗಾಡಿನ್ ಇಟ್ಟ ಹೆಸರು 1970ರಲ್ಲಿ ಪತ್ರಿಕೆಯ ಮೂಲಕ ಹರಡಿತು.

ಇದರ ಲಕ್ಷಣಗಳು ಮೂರು: ಕಾಲನ್ನು ಸುಮ್ಮನಿರಗೊಡದ ತಾಳ, ಅಳಲು ತುಂಬಿದ ಕಂಠ, ರೆಕಾರ್ಡಿನ ದುರ್ಲಭತೆ. ತವರಿನಲ್ಲಿ ಮಾರಾಟವಾಗದ ಹಾಡಿಗೇ ಇಲ್ಲಿ ಹೆಚ್ಚು ಮನ್ನಣೆ. ವಿಗನ್ ಪಟ್ಟಣದ ಕಸೀನೊ ಸಭಾಂಗಣದಲ್ಲಿ 1973ರಿಂದ 1981ರವರೆಗೆ ತರುಣರು ನೆಲಕ್ಕೆ ಪೌಡರು ಚೆಲ್ಲಿ ಬೆಳಗಿನವರೆಗೂ ಕುಣಿದರು. ಅಪೂರ್ವ ರೆಕಾರ್ಡು ಪರರ ಪಾಲಾಗದಿರಲೆಂದು, ಅದನ್ನು ನುಡಿಸುವವರು ಹೆಸರಿನ ಮೇಲೆ ಕಾಗದ ಅಂಟಿಸಿ ಸುಳ್ಳು ಹೆಸರು ಸಾರುವುದೂ ಇತ್ತು.

ಫ್ರಾಂಕ್ ವಿಲ್ಸನ್ 1965ರಲ್ಲಿ ಹಾಡಿದ ‘ಡು ಐ ಲವ್ ಯು’ ಗೀತೆಯ ರೆಕಾರ್ಡುಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು. 2009ರಲ್ಲಿ ಒಂದು ಪ್ರತಿ 25,000 ಪೌಂಡಿಗೂ ಮಿಕ್ಕಿ ಮಾರಾಟವಾಯಿತು. ಆ ಹಣ ಸಂಗ್ರಾಹಕರಿಂದ ಸಂಗ್ರಾಹಕರಿಗೆ ಹೋಯಿತೇ ಹೊರತು ಹಾಡಿದವರಿಗಲ್ಲ.

ಹಿತ್ತಲ ಗಿಡ ಮದ್ದಲ್ಲವೆಂದು ತವರು ತಳ್ಳಿದ್ದನ್ನು ದೂರದ ಸಹೃದಯರು ಉಳಿಸಿದರು. ಅದು ದೊಡ್ಡ ಉಪಕಾರವೇ ಸರಿ. ಆದರೆ ವಾಚಕರೇ, ಗಿಡವನ್ನು ಕಾಯುವಾಗ ನೆಟ್ಟವರ ಹೆಸರಿಗೆ ಕಾಗದ ಅಂಟಿಸಿದರೆ ಸಹೃದಯತೆ ಪೂರ್ಣವಾದೀತೆ?