ದೂರದ ಲೆಕ್ಕ: ಓಮ್ ನಿಯಮದಿಂದ ಶಹಾಪುರ, ಸುರಪುರದ ಪಂಪ್‌ಸೆಟ್‌ಗಳವರೆಗೆ

ಪೀಠಿಕೆ

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ವಿದ್ಯುತ್ ಸಾಮರ್ಥ್ಯ. ಪ್ರೌಢಶಾಲೆಯ ಮಕ್ಕಳಿಗೆ ಬಾಯಿಪಾಠವಾಗಿರುವ ಈ ಎರಡು ಸೂತ್ರಗಳ ಚರಿತ್ರೆ ಯುರೋಪಿನ ಪ್ರಯೋಗಶಾಲೆಗಳಲ್ಲಿ ಆರಂಭವಾಗಿ ಸಾಮಾನ್ಯವಾಗಿ ಅಲ್ಲಿಯೇ ಮುಗಿದುಬಿಡುತ್ತದೆ. ಆ ಚರಿತ್ರೆಯನ್ನು ಯಾದಗಿರಿ, ಶಹಾಪುರ, ಸುರಪುರ ಸೀಮೆಯವರೆಗೆ ಮುಂದುವರಿಸುವುದು ಈ ಲೇಖನದ ಉದ್ದೇಶ. ಓಮ್ ನಿಯಮ ಹುಟ್ಟಿದ್ದೇ ದೂರವನ್ನು ಅಳೆಯುತ್ತ. ವಿದ್ಯುತ್ ಮೂಲಗಳಿಂದ ದೂರವಿದ್ದ ಈ ನಾಡು ಆ ನಿಯಮದ ಪರಿಣಾಮವನ್ನು ದಿನನಿತ್ಯ ಅನುಭವಿಸಿದೆ. ಇದು ಇಲ್ಲಿನ ಮುಖ್ಯ ಪ್ರತಿಪಾದನೆ.

ನಿಯಮದ ಹುಟ್ಟು

ಜರ್ಮನಿಯ ಕಲೋನ್ ನಗರದಲ್ಲಿ ಅಧ್ಯಾಪಕನಾಗಿದ್ದ ಗೇಯಾರ್ಗ್ ಸೈಮನ್ ಓಮ್ 1826ರಲ್ಲಿ ನಿರ್ಣಾಯಕ ಪ್ರಯೋಗ ನಡೆಸಿದ. ಅಂದಿನ ಬ್ಯಾಟರಿಗಳ ವೋಲ್ಟೇಜ್ ಒಂದೇ ಸಮ ನಿಲ್ಲುತ್ತಿರಲಿಲ್ಲ. ಆದ್ದರಿಂದ ಅವನು ಬಿಸ್ಮತ್ ಮತ್ತು ತಾಮ್ರದ ಜೋಡಣೆಯ ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟು ಸ್ಥಿರವಾದ ವಿದ್ಯುತ್ ಮೂಲವನ್ನು ಪಡೆದ. ಒಂದೇ ದಪ್ಪದ, ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದಾದ ಮೇಲೊಂದು ಜೋಡಿಸಿ, ಕಾಂತಸೂಜಿಯ ವಾಲಿಕೆಯಿಂದ ಕರೆಂಟನ್ನು ಅಳೆದ. ಅವನಿಗೆ ದೊರೆತ ಸಮೀಕರಣದ ಛೇದದಲ್ಲಿ ಎರಡು ಪದಗಳಿದ್ದವು: ಒಂದು ಮೂಲದ ಒಳರೋಧ, ಇನ್ನೊಂದು ತಂತಿಯ ಉದ್ದ. ತಂತಿ ಉದ್ದವಾದಷ್ಟೂ ಕರೆಂಟು ಇಳಿಯುತ್ತದೆ. ದೂರವೆಂಬುದು ಈ ನಿಯಮಕ್ಕೆ ಆಮೇಲೆ ಸೇರಿದ್ದಲ್ಲ, ಅದರೊಳಗೇ ಇತ್ತು. 1827ರಲ್ಲಿ ಓಮ್ ತನ್ನ ಸಿದ್ಧಾಂತವನ್ನು ಪುಸ್ತಕವಾಗಿ ಪ್ರಕಟಿಸಿದ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಪದಕ ನೀಡಿತು.

ಅದೇ ಹೊತ್ತಿಗೆ ಇಂಗ್ಲೆಂಡಿನ ಜೇಮ್ಸ್ ಜೂಲ್, ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೂ ರೋಧಕ್ಕೂ ಅನುಪಾತದಲ್ಲಿರುತ್ತದೆ ಎಂದು ತೋರಿಸಿದ. ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. 1881ರ ಪ್ಯಾರಿಸ್ ಸಮ್ಮೇಳನ ಓಮ್, ವೋಲ್ಟ್, ಆಂಪಿಯರ್ ಮಾನಗಳನ್ನು ಅಂಗೀಕರಿಸಿತು. ಮರುವರ್ಷ ವಿಲಿಯಂ ಸೀಮೆನ್ಸ್ ವ್ಯಾಟ್ ಮಾನವನ್ನು ಸೂಚಿಸಿದ.

ವೋಲ್ಟೇಜ್ ಮತ್ತು ಕರೆಂಟಿನ ಗುಣಾಕಾರದ ಅರ್ಥವನ್ನು ಈ ಭಾಗದ ರೈತರಿಗೆ ಕಾಲುವೆಯೇ ತೋರಿಸಿಕೊಡಬಲ್ಲದು. ನೀರಿನಿಂದ ಸಿಗುವ ಸಾಮರ್ಥ್ಯ ಬೀಳುವ ಎತ್ತರ ಮತ್ತು ಹರಿವಿನ ಗುಣಲಬ್ಧವನ್ನು ಅವಲಂಬಿಸಿದೆ. ಸೆಕೆಂಡಿಗೆ ಒಂದು ಘನ ಮೀಟರ್ ನೀರು 10 ಮೀಟರ್ ಕೆಳಗೆ ಬಿದ್ದರೆ ಸುಮಾರು 98 ಕಿಲೋವ್ಯಾಟ್. ಇಲ್ಲಿ ಎತ್ತರ ವೋಲ್ಟೇಜಿನ ಸ್ಥಾನದಲ್ಲಿದೆ, ಹರಿವು ಕರೆಂಟಿನ ಸ್ಥಾನದಲ್ಲಿದೆ.

ದೂರವನ್ನು ಗೆದ್ದ ಬಗೆ

ವೋಲ್ಟೇಜನ್ನು ಏರಿಸಿ, ಕರೆಂಟನ್ನು ಇಳಿಸಿ, ಶಾಖದ ನಷ್ಟವನ್ನು ತಗ್ಗಿಸುವ ಲೆಕ್ಕ ಕರ್ನಾಟಕದಲ್ಲಿ ದೊಡ್ಡ ಪ್ರಮಾಣದಲ್ಲಿ ಮೊದಲು ಕಾರ್ಯರೂಪಕ್ಕೆ ಬಂದದ್ದು 1902ರಲ್ಲಿ. ಶಿವನಸಮುದ್ರದ ವಿದ್ಯುತ್ತು ಆ ವರ್ಷ 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಯನ್ನು ತಲುಪಿತು. ವೋಲ್ಟೇಜ್ ಸುಮಾರು 35,000. ಅಷ್ಟೇ ಸಾಮರ್ಥ್ಯವನ್ನು 350 ವೋಲ್ಟಿನಲ್ಲಿ ಕಳಿಸಬೇಕಾಗಿದ್ದರೆ ಕರೆಂಟು 100 ಪಟ್ಟು ಹೆಚ್ಚುತ್ತಿತ್ತು, ಅದೇ ತಂತಿಯಲ್ಲಿ ಶಾಖದ ನಷ್ಟ 10,000 ಪಟ್ಟು ಆಗುತ್ತಿತ್ತು. ಅಂದರೆ ಗಣಿಗೆ ಏನೂ ಮುಟ್ಟುತ್ತಿರಲಿಲ್ಲ.

ಯಾದಗಿರಿ ಸೀಮೆ ಆಗ ಮೈಸೂರಿನ ಈ ಜಾಲದ ಹೊರಗೆ, ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರಲ್ಲಿ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷವೇ ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ರಚನೆಯಾಯಿತು. ನೆರೆಯ ರಾಯಚೂರಿನ ಶಕ್ತಿನಗರದಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಕೆಲಸ ಆರಂಭಿಸಿದ್ದು 1985ರಲ್ಲಿ. 2002ರಲ್ಲಿ ಕಲಬುರಗಿ ಕೇಂದ್ರವಾಗಿ ವಿದ್ಯುತ್ ವಿತರಣಾ ಕಂಪನಿ ಜೆಸ್ಕಾಂ ಬಂತು. ಮೂಲ ಹತ್ತಿರ ಬಂದಿತು ನಿಜ, ಆದರೆ ದೂರ ಅಳಿಯಲಿಲ್ಲ. ಅದು ಟಿ.ಸಿ.ಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಹೊಲದ ಬಾವಿಯವರೆಗಿನ ಕೊನೆಯ ತಂತಿಗೆ ಸರಿಯಿತು.

ಬಲ್ಬು ಮತ್ತು ಮೋಟಾರು

1970ರ ದಶಕದ ಕೊನೆಯಲ್ಲಿ ಆರಂಭವಾದ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಒಂದು 40 ವ್ಯಾಟ್ ಬಲ್ಬನ್ನು ಕೊಟ್ಟಿತು. 230 ವೋಲ್ಟಿನಲ್ಲಿ ಅದು ಎಳೆಯುವುದು ಸುಮಾರು 0.17 ಆಂಪಿಯರ್, ಉರಿಯುವಾಗ ಅದರ ರೋಧ ಸುಮಾರು 1,320 ಓಮ್. ಲೈನಿನ ಕೊನೆಯ ಮನೆಗೆ 160 ವೋಲ್ಟ್ ಮಾತ್ರ ಮುಟ್ಟಿದರೆ, ರೋಧ ಬದಲಾಗದೆಂದು ಹಿಡಿದಾಗ, ಸಾಮರ್ಥ್ಯ 19 ವ್ಯಾಟಿಗೆ ಇಳಿಯುತ್ತದೆ. ತಂತು ತಣ್ಣಗಾದಂತೆ ರೋಧವೂ ಇಳಿಯುವುದರಿಂದ ನಿಜವಾದ ಅಂಕಿ ಇದಕ್ಕಿಂತ ತುಸು ಹೆಚ್ಚು. ಆದರೂ ಬೆಳಕು ಮಂಕೇ.

ಬಲ್ಬಿಗೆ ಹೊಂದುವ ಈ ಲೆಕ್ಕ ಪಂಪ್‌ಸೆಟ್ಟಿನಲ್ಲಿ ಬುಡಮೇಲಾಗುತ್ತದೆ. ಮೂರು ಫೇಸಿನ ಮೋಟಾರಿನಲ್ಲಿ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ವೈಂಡಿಂಗಿನ ರೋಧ ದೊರೆಯುವುದಿಲ್ಲ. ಸಾಮರ್ಥ್ಯದ ಲೆಕ್ಕಕ್ಕೂ ಪವರ್ ಫ್ಯಾಕ್ಟರ್ (ವೋಲ್ಟೇಜೂ ಕರೆಂಟೂ ಎಷ್ಟು ಜೊತೆಜೊತೆಯಾಗಿ ಏರಿಳಿಯುತ್ತವೆ ಎಂಬುದರ ಅಳತೆ) ಸೇರಬೇಕು. ಬಾವಿಯ ಆಳ ಕಡಿಮೆಯಾಗದು, ಎತ್ತಬೇಕಾದ ನೀರಿನ ಭಾರವೂ ಕಡಿಮೆಯಾಗದು. ಹೀಗಾಗಿ ವೋಲ್ಟೇಜ್ ಇಳಿದಾಗ ಮೋಟಾರು ಹೆಚ್ಚು ಕರೆಂಟನ್ನು ಎಳೆಯುತ್ತದೆ. 415 ವೋಲ್ಟ್ ಇರಬೇಕಾದಲ್ಲಿ 330 ಇದ್ದರೆ, ಅದೇ ಕೆಲಸಕ್ಕೆ ಕರೆಂಟು ಸುಮಾರು 1.26 ಪಟ್ಟು, ವೈಂಡಿಂಗಿನ ಶಾಖ 1.58 ಪಟ್ಟು. ಹೆಚ್ಚಿದ ಕರೆಂಟು ಲೈನಿನಲ್ಲೂ ವೋಲ್ಟೇಜನ್ನು ಇನ್ನಷ್ಟು ಇಳಿಸುತ್ತದೆ. ಬಿಸಿಲೂ ಇದಕ್ಕೆ ಜೊತೆಗೂಡುತ್ತದೆ: ಅಲ್ಯೂಮಿನಿಯಂ ತಂತಿ 20ರಿಂದ 70 ಡಿಗ್ರಿಗೆ ಕಾದರೆ ರೋಧ ಸುಮಾರು ಶೇ 20ರಷ್ಟು ಏರುತ್ತದೆ. ಮೋಟಾರು ಸುಟ್ಟಾಗ ರೈತನ ಅಜಾಗರೂಕತೆಯನ್ನು ದೂರುವವರು ಈ ಸರಪಳಿಯನ್ನು ಗಮನಿಸಬೇಕು.

ಉಪಸಂಹಾರ

ಪರಿಹಾರವೂ ಇದೇ ಸೂತ್ರದಲ್ಲಿದೆ. 11,000 ವೋಲ್ಟಿನ ಲೈನನ್ನು ಹೊಲದ ಹತ್ತಿರಕ್ಕೆ ಒಯ್ದು, ಕೆಲವೇ ಪಂಪ್‌ಸೆಟ್‌ಗಳಿಗೆ ಒಂದು ಸಣ್ಣ ಟಿ.ಸಿ. ಕೂರಿಸಿದರೆ ಕಡಿಮೆ ವೋಲ್ಟೇಜಿನ ತಂತಿ ಗಿಡ್ಡವಾಗುತ್ತದೆ. ಓಮ್‌ನ ಸಮೀಕರಣದ ಛೇದದಲ್ಲಿದ್ದ ಉದ್ದವನ್ನೇ ಕಡಿಮೆ ಮಾಡುವ ಕ್ರಮವಿದು. ಕೃಷಿಗೆ ಎಷ್ಟು ತಾಸು ವಿದ್ಯುತ್ ಎಂಬ ಲೆಕ್ಕದ ಜೊತೆಗೆ ಲೈನಿನ ಕೊನೆಯ ಬಾವಿಯಲ್ಲಿ ಎಷ್ಟು ವೋಲ್ಟ್ ಎಂಬುದನ್ನೂ ಅಳೆದು ದಾಖಲಿಸಬೇಕು. ಆ ದಾಖಲೆಯಿಲ್ಲದೆ ಈ ಸೀಮೆಯ ವಿದ್ಯುತ್ ಚರಿತ್ರೆ ಪೂರ್ಣವಾಗದು, ರೈತನಿಗೆ ನ್ಯಾಯವೂ ದೊರೆಯದು.