ರೋಮ್‌ನ 124 ಮೆಟ್ಟಿಲು ಮತ್ತು ಇಕ್ಕೇರಿಯ ಜಕ್ಕಮ್ಮ

ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ 🙂

ನಿಮ್ಮ ಮನೆಯವರೆಲ್ಲ ರೋಮ್‌ಗೆ ಹೋದ್ರಿ ಅಂತ ಇಟ್ಕೊಳ್ಳಿ. ನಮ್ಮ ವಿಮಾನಪುರದ ಪಕ್ಕದಲ್ಲೇ ವಿಮಾನ ಹತ್ತೋ ಕಾಲ 2008ಕ್ಕೆ ಮುಗೀತು, ಹಾಗಾಗಿ ಮೊದಲು ದೇವನಹಳ್ಳಿ ತಲುಪ್ಬೇಕು. ರೋಮ್‌ನಲ್ಲಿ ಮೊದಲ ದಿನ ಹೇಗಿರುತ್ತೆ ಅಂತ ನಾನೇ ಹೇಳ್ತೀನಿ. ಬೆಳಿಗ್ಗೆ ಕೊಲೋಸಿಯಂ ಮುಂದೆ ಫೋಟೋ. ಅಲ್ಲಿಂದ ನೇರ ನಡೆದ್ರೆ ಪಿಯಾಝಾ ವೆನೆಝಿಯಾ ಅನ್ನೋ ದೊಡ್ಡ ಚೌಕ. ಗಾಡಿಗಳ ಗದ್ದಲ ನೋಡಿ ಅಪ್ಪ "ಇದು ನಮ್ಮ ಟಿನ್ ಫ್ಯಾಕ್ಟರಿ ಥರಾನೇ ಇದೆಯಲ್ಲ" ಅಂತಾರೆ. ಅಲ್ಲೊಂದು ಭಾರೀ ಬಿಳಿ ಸ್ಮಾರಕ, ಅದರ ಪಕ್ಕ ಕಡಿದಾದ 124 ಮೆಟ್ಟಿಲು. ಅಮ್ಮ "ಮಂಡಿನೋವು, ನಾನು ಬರಲ್ಲ" ಅಂತಾರೆ. ಎಲ್ಲರೂ ಐಸ್‌ಕ್ರೀಮ್ ಕಡೆ ತಿರುಗ್ತೀರಿ.

ನೀವಾದ್ರೂ ಹತ್ತಿ. ಮೇಲೆ ಸಾಂತಾ ಮರಿಯಾ ಇನ್ ಅರಾಚೇಲಿ ಅನ್ನೋ ಚರ್ಚ್ ಇದೆ. ಅದರೊಳಗೆ ಮಣ್ಣಾಗಿರೋ ಒಬ್ಬ ಮನುಷ್ಯ ನಮ್ಮ ಮಲೆನಾಡಿನ ಬೀದಿಗಳಲ್ಲಿ ಓಡಾಡಿದವನು.

ಅವನ ಹೆಸರು ಪಿಯೆತ್ರೋ ದೆಲ್ಲಾ ವಾಲ್ಲೆ. 1586ರಲ್ಲಿ ರೋಮ್‌ನ ಶ್ರೀಮಂತರ ಮನೆಯಲ್ಲಿ ಹುಟ್ಟಿದ. 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿ ಊರು ನೋಡೋಕೆ ಹೊರಟ. ಬಾಗ್ದಾದ್‌ನಲ್ಲಿ ಮಾನಿ ಅನ್ನೋ ಹುಡುಗಿಯನ್ನ ಮದುವೆಯಾದ. 1621ರ ಕೊನೆಯಲ್ಲಿ ಪರ್ಷಿಯಾದಲ್ಲಿ ಅವಳು ಜ್ವರದಿಂದ ತೀರಿಕೊಂಡಳು. ಅವಳನ್ನ ಪರದೇಶದ ಮಣ್ಣಲ್ಲಿ ಬಿಟ್ಟುಹೋಗೋಕೆ ಇವನಿಗೆ ಮನಸ್ಸು ಬರಲಿಲ್ಲ. ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಹಡಗಿನವರಿಗೆ ಗೊತ್ತಾಗದಂತೆ ಸಾಮಾನಿನ ನಡುವೆ ಅಡಗಿಸಿ ಭಾರತಕ್ಕೂ ತಂದ. ಕೊನೆಗೆ 1627ರಲ್ಲಿ ಆ 124 ಮೆಟ್ಟಿಲ ಮೇಲಿನ ಚರ್ಚ್‌ನಲ್ಲಿ ಅವಳ ಅಂತ್ಯಸಂಸ್ಕಾರ ಆಯ್ತು. 1652ರಲ್ಲಿ ತೀರಿಕೊಂಡ ಮೇಲೆ ಅವನನ್ನೂ ಅಲ್ಲೇ ಮಣ್ಣು ಮಾಡಿದ್ರು.

ಈಗ ನಮ್ಮ ಕಡೆಗೆ ಬನ್ನಿ. 1623ರಲ್ಲಿ ಗೋವಾದ ಪೋರ್ಚುಗೀಸರು ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಒಬ್ಬ ರಾಯಭಾರಿಯನ್ನ ಕಳಿಸಿದ್ರು. ಪಿಯೆತ್ರೋ ಅವನ ಜೊತೆ ಸೇರ್ಕೊಂಡ. ಹೊನ್ನಾವರ, ಗೇರುಸೊಪ್ಪೆ ದಾಟಿ, ಘಟ್ಟ ಹತ್ತಿ, ನವೆಂಬರ್‌ನಲ್ಲಿ ರಾಜಧಾನಿ ಇಕ್ಕೇರಿಗೆ ಬಂದ. ಅಂದ್ರೆ ಸಾಗರದ ಪಕ್ಕ, ಇವತ್ತು ನಾವು ಅಘೋರೇಶ್ವರ ದೇವಸ್ಥಾನ ನೋಡೋಕೆ ಹೋಗೋ ಅದೇ ಇಕ್ಕೇರಿ.

ಕಂಡದ್ದನ್ನೆಲ್ಲ ನೇಪಲ್ಸ್‌ನ ಗೆಳೆಯನಿಗೆ ಪತ್ರದಲ್ಲಿ ಬರೆದ. ಆ ಕಾಲದ ಕ್ಯಾಪ್ಷನ್ ಸರಣಿ ಅಂದ್ಕೊಳ್ಳಿ. ದಾರಿಯಲ್ಲಿ ಒಂದು ಗುಡಿಯ ಜಗಲಿ. ನಾಲ್ಕು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಲ್ಲಿ ಅಂಕಿ ಬರೀತಾ, ರಾಗವಾಗಿ ಲೆಕ್ಕ ಹೇಳ್ಕೊಳ್ತಿದ್ರು. ಮೇಷ್ಟ್ರು ಹತ್ತಿರ ಇರಲಿಲ್ಲ. "ಮರೆತುಹೋದ್ರೆ ಯಾರು ತಿದ್ದೋರು?" ಅಂತ ಇವನು ಕೇಳಿದ. ನಾಲ್ಕೂ ಜನ ಒಂದೇ ಕಡೆ ಮರೆಯೋಕೆ ಸಾಧ್ಯ ಇಲ್ಲ ಅನ್ನೋದು ಅವರ ಉತ್ತರ. ನಮ್ಮ ಬಿಕಾಂ ಗ್ರೂಪ್ ಸ್ಟಡಿಗೆ 400 ವರ್ಷದ ಹಳೆ ಸಾಕ್ಷಿ ಸಿಕ್ತು ನೋಡಿ! (ನಾವು ನಾಲ್ಕೂ ಜನ ಒಂದೇ ಕಡೆ ಮರೀತೀವಿ, ಅದು ಬೇರೆ ಮಾತು.)

ಇಕ್ಕೇರಿ ಬೀದಿಯಲ್ಲಿ ಸಂಜೆ ಹುಡುಗಿಯರು ಕೋಲಾಟ ಆಡೋದನ್ನೂ ಬರೆದ. ಆಮೇಲೆ ಅಲ್ಲೇ ಒಬ್ಬ ಹೆಂಗಸನ್ನ ಕಂಡ. ಡೋಲು ಬಾರಿಸುವವನ ಹೆಂಡತಿ. ಗಂಡ ಸತ್ತಿದ್ದ, ಅವಳು ಸಹಗಮನಕ್ಕೆ ಸಿದ್ಧಳಾಗಿದ್ದಳು. ಇವನು ದುಭಾಷಿಯನ್ನ ಕರ್ಕೊಂಡು ಅವಳ ಮನೆಗೇ ಹೋದ. ಚಿಕ್ಕ ಮಕ್ಕಳಿದ್ದಾರಲ್ಲ, ಬೇಡ ಅಂದ. ಅವಳ ಮನಸ್ಸು ಬದಲಾಗಲಿಲ್ಲ. ಕೊನೆಗೆ, ನಿನ್ನ ಹೆಸರು ಸಾಯದಂತೆ ಬರೀತೀನಿ ಅಂತ ಮಾತು ಕೊಟ್ಟು ಬಂದ. ಅವನ ಕಿವಿಗೆ ಕೇಳಿದ ಹೆಸರು 'ಜ್ಯಾಕ್ಕಮಾ'. ನಮ್ಮ ಜಕ್ಕಮ್ಮ ಇರಬೇಕು.

ಸತ್ತ ಹೆಂಡತಿಯನ್ನ ಬಿಟ್ಟಿರಲಾರದವನು, ಸತ್ತ ಗಂಡನ ಹಿಂದೆ ಹೊರಟವಳ ಮುಂದೆ ನಿಂತಿದ್ದ. ನನಗಂತೂ ಇಲ್ಲಿ ಕಸಿವಿಸಿ ಆಗುತ್ತೆ. ಪುಸ್ತಕದಲ್ಲಿ ಹೆಸರು ಬಂದ್ರೆ ಆ ಮಕ್ಕಳಿಗೆ ಏನು ಸಿಕ್ತು? ಆದ್ರೂ ಯೋಚಿಸಿ: ನಮ್ಮ ನಾಡಲ್ಲಿ ಎಷ್ಟೋ ಮಾಸ್ತಿಕಲ್ಲುಗಳಿವೆ, ಬಳೆ ತೊಟ್ಟ ಕೈ ಕೆತ್ತಿರ್ತಾರೆ. ಹೆಚ್ಚಿನವುಗಳಲ್ಲಿ ಹೆಸರೇ ಇಲ್ಲ. ನಾಯಕನ ಹೆಸರು ಹೇಳೋಕೆ ಶಾಸನಗಳಿವೆ. ಡೋಲಿನವನ ಹೆಂಡತಿ ಹೆಸರನ್ನ ನಮಗೆ ಹೇಳಿದ್ದು, ಊರು ನೋಡೋಕೆ ಬಂದು ನಿಂತು ಮಾತಾಡಿಸಿದ ಒಬ್ಬ ಪರಸ್ಥಳದವನು. ಜಗಲಿ ಹುಡುಗರ ಲೆಕ್ಕವೂ ಅಷ್ಟೇ. ನಮಗೆ ದಿನಾ ಕಾಣೋದು, ಅದರಲ್ಲೇನಿದೆ ಬರೆಯೋಕೆ ಅಂತ ನಾವು ಬಿಟ್ಟದ್ದನ್ನ ಅವನು ಬರೆದಿಟ್ಟ.

ಹಾಗಾಗಿ ಒಂದು ಕೆಲಸ ಮಾಡಿ. ರೋಮ್‌ಗೆ ಹೋದಾಗ ಮೆಟ್ಟಿಲು ಹತ್ತಿ, ಸರಿ. ಅದಕ್ಕೆ ಮೊದಲು, ನಾಳೆ ಒಂದು ದಿನ ನಮ್ಮ ಬೀದೀನ ಮೊದಲ ಸಲ ನೋಡೋರ ಹಾಗೆ ನೋಡಿ. ಹೂ ಮಾರೋ ಅಜ್ಜಿ, ಇಸ್ತ್ರಿ ಅಂಗಡಿ ಅಣ್ಣ, ದಿನಾ ನೋಡ್ತೀವಲ್ಲ, ಅವರ ಹೆಸರು ಗೊತ್ತಾ? ಕೇಳಿ, ಅವರು ಒಪ್ಪಿದ್ರೆ ಬರೆದಿಡಿ.

ಇಕ್ಕೇರಿ ನೋಡಿರೋರು ಕಮೆಂಟ್‌ನಲ್ಲಿ ಬನ್ನಿ. ಮುಂದಿನ ಭಾಗ ಶನಿವಾರ.

#ನಮ್ಮಇತಿಹಾಸ #ಇಕ್ಕೇರಿ #ವಿಮಾನಪುರ